ಸುಮ್ಮನಿದ್ದೂ ಓಡುವ ಕಾರ್ಡು

ದುಡಿದು ಸುಸ್ತಾದವರು ಏದುಸಿರು ಬಿಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಬೆಳಗಿನಿಂದ ಒಂದು ಹುಲ್ಲುಕಡ್ಡಿಯನ್ನೂ ಅತ್ತಿಂದಿತ್ತ ಎತ್ತಿಡದೆ ಏದುಸಿರು ಬಿಡುವವರಿಗೆ ಏನು ಹೇಳುವುದು? ನಡುಮನೆಯ ಮೂಲೆಯಲ್ಲಿದ್ದ ಕಂಪ್ಯೂಟರು ಮಾಡುತ್ತಿದ್ದದ್ದು ಇದನ್ನೇ. ಅದರ ಹೊಟ್ಟೆಯೊಳಗಿನ ಗ್ರಾಫಿಕ್ಸ್ ಕಾರ್ಡು, ಅಂದರೆ ಪರದೆಯ ಮೇಲೆ ಚಿತ್ರ ಬಿಡಿಸುವ ಭಾಗ, ಕೆಲಸವಿದ್ದರೂ ಇಲ್ಲದಿದ್ದರೂ ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಓಡಿದ್ದಕ್ಕೆ ಬಿಸಿ, ಬಿಸಿಗೆ ಫ್ಯಾನು, ಫ್ಯಾನಿಗೆ ಆರ್ಭಟ.

ಯಜಮಾನನಿಗೆ ಅದರ ಸದ್ದು ಒಗ್ಗಿಹೋಗಿತ್ತು. ಅವನು ಕಪಾಟು ಮಾಡುವ ಕಾರ್ಖಾನೆಯೊಂದಕ್ಕೆ ಮನೆಯಲ್ಲೇ ಕೂತು ಅಡುಗೆಮನೆಯ ಕಪಾಟುಗಳ ನಕ್ಷೆ ಬರೆಯುವವನು. ಅವನ ಮಾವನಿಗೂ ತೊಂದರೆ ಇರಲಿಲ್ಲ. ನೂಲಿನ ಗಿರಣಿಯಲ್ಲಿ ಮೇಲ್ವಿಚಾರಕರಾಗಿ ಆಯಸ್ಸು ಸವೆಸಿ, ಈಗ ಮಗಳ ಮನೆಗೆ ಬಂದು ನೆಲೆಸಿದವರಿಗೆ ಇದೂ ಒಂದು ಸದ್ದೇ? ತೊಂದರೆಯೆಲ್ಲ ಹೆಂಡತಿಗೆ. ವಿಮಾ ಕಂಪನಿಯ ಗ್ರಾಹಕರಿಗೆ ಫೋನಿನಲ್ಲಿ ಸಮಾಧಾನ ಹೇಳುವುದು ಅವಳ ಉದ್ಯೋಗ, ಅದೂ ಅದೇ ನಡುಮನೆಯ ಇನ್ನೊಂದು ಮೂಲೆಯಿಂದ. ಸಮಾಧಾನವಾಗಬೇಕಾದ ಗ್ರಾಹಕರೊಬ್ಬರು, ನೀವು ಹಿಟ್ಟಿನ ಗಿರಣಿಯಿಂದ ಮಾತಾಡುತ್ತಿದ್ದೀರಾ ಎಂದು ಕೇಳಿದ್ದರು. ಮೇಲಿನವರ ಕಿವಿಗೂ ಅದು ಬಿದ್ದು, ಅವಳಿಗೊಂದು ಎಚ್ಚರಿಕೆ ಬಂತು. ಆ ಎಚ್ಚರಿಕೆ ಬಡ್ಡಿ ಸಮೇತ ಗಂಡನಿಗೆ ದಾಟಿತು.

"ಸೋಮವಾರದೊಳಗೆ ಅದು ಬಾಯಿ ಮುಚ್ಚಬೇಕು," ಎಂದಳು. "ಇಲ್ಲಾಂದ್ರೆ ಅದೂ ನೀವೂ ಮೆಟ್ಟಿಲ ಕೆಳಗೆ."

ಮೆಟ್ಟಿಲ ಕೆಳಗೆ ಅಂದರೆ ಹಳೆಯ ಚಪ್ಪಲಿ, ತೂತು ಬಕೆಟ್ಟು, ಮುರಿದ ಕೊಡೆಗಳ ಸಾಮ್ರಾಜ್ಯ. ಕಿಟಕಿಯಿಲ್ಲ, ಗಾಳಿಯಿಲ್ಲ. ಕೂತಲ್ಲಿಂದ ಎದ್ದರೆ ತಲೆಗೆ ಪೆಟ್ಟು ಖಾತ್ರಿ. (ಎದ್ದೇಳದಿದ್ದರೆ ಬೆನ್ನಿಗೆ.) ನಡುಮನೆಯ ಕಿಟಕಿ ಪಕ್ಕದ ಆ ಮೂಲೆಯೊಂದೇ ಈ ಸಂಸಾರದಲ್ಲಿ ತನ್ನದು ಎಂದು ಅವನು ಹೇಳಿಕೊಳ್ಳಬಹುದಾಗಿದ್ದ ಜಾಗ. ಅದೂ ಕೈತಪ್ಪುತ್ತದೆ ಅಂದಾಗ ಅವನಿಗೆ ನಿಜವಾಗಿಯೂ ದುಃಖವಾಯಿತು. ಹಾಗಾಗಿ ರಿಪೇರಿಗೆ ಟೊಂಕ ಕಟ್ಟಿದ.

ಮೊದಲು ಪೆಟ್ಟಿಗೆ ಬಿಚ್ಚಿ ಧೂಳು ತೆಗೆದ. ಧೂಳಿಗೆ ಮೆತ್ತನೆಯ ಬ್ರಷ್ಷು ಬೇಕು ಎಂದು ಎಲ್ಲೋ ಓದಿದ್ದ. ಮನೆಯಲ್ಲಿ ಅಂಥದ್ದು ಇದ್ದದ್ದು ಹೆಂಡತಿ ಕೆನ್ನೆಗೆ ಬಣ್ಣ ಹಚ್ಚಿಕೊಳ್ಳುವುದು ಒಂದೇ. ಕೆಲಸ ಮುಗಿಸಿ ಎಲ್ಲಿತ್ತೋ ಅಲ್ಲೇ ಇಟ್ಟ. ಮಾರನೇ ದಿನ ಗೆಳತಿಯ ಮನೆಗೆ ಹೊರಟವಳ ಕೆನ್ನೆ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಮೊದಲು ಕಂಡವರು ಮಾವ. ಆ ಸಂಜೆಯ ಮಾತುಕತೆಯನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು.

ಆಮೇಲೆ ಕಾರ್ಡನ್ನು ನಡೆಸುವ ತಂತ್ರಾಂಶ ಕಿತ್ತು ಹೊಸದು ಹಾಕಿದ. ಹೊಸದು ಕಿತ್ತು ಹಳೆಯದು ಹಾಕಿದ. ಕಾರ್ಡಿನ ವೇಗ ತೋರಿಸುವ ಒಂದು ಮೀಟರನ್ನೂ ಪರದೆಯ ಮೂಲೆಗೆ ತಂದು ಕೂರಿಸಿದ. ಅದರ ಮುಳ್ಳು ತುದಿ ಬಿಟ್ಟು ಕದಲಲಿಲ್ಲ. ಇಂಟರ್‌ನೆಟ್ಟಿನಲ್ಲಿ ತನ್ನ ಗೋಳು ತೋಡಿಕೊಂಡ. ಕಂಪ್ಯೂಟರೇ ಬದಲಾಯಿಸು ಎಂದ ಒಬ್ಬ ಪುಣ್ಯಾತ್ಮ. ನನ್ನದೂ ಹೀಗೇ, ನಿಮಗೆ ಪರಿಹಾರ ಸಿಕ್ಕರೆ ತಿಳಿಸಿ ಎಂದ ಇನ್ನೊಬ್ಬ. ಇವನಿಗೆ ಅಷ್ಟಕ್ಕೇ ಕಣ್ಣು ತುಂಬಿ ಬಂತು.

ಪರೀಕ್ಷೆಗೆಂದು ಎಲ್ಲ ಕೆಲಸ ಮುಚ್ಚಿ, ಮೌಸು ಮುಟ್ಟದೆ, ಕೈಕಟ್ಟಿ ದೂರ ಕೂತೂ ನೋಡಿದ. ಆಗಲೂ ಮುಳ್ಳು ತುದಿಯಲ್ಲೇ ಇತ್ತು. ಪಕ್ಕದಲ್ಲಿ ಮಾವ ಎಂದಿನಂತೆ, ಅದೇ ಕಂಪ್ಯೂಟರಿಗೆ ಜೋಡಿಸಿದ್ದ ಎರಡನೇ ಪರದೆಯ ಮೀನುಗಳನ್ನು ನೋಡುತ್ತಿದ್ದರು.

ಈ ಮೀನುಗಳ ಬಗ್ಗೆ ಒಂದು ಮಾತು ಹೇಳಬೇಕು. ಮಾವ ಬಂದ ಹೊಸದರಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಮೀನಿನ ತೊಟ್ಟಿ ತರೋಣವೆಂದರೆ, ತೊಳೆಯುವವರು ಯಾರು ಎಂದು ಹೆಂಡತಿ ಬಾಯಿ ಮುಚ್ಚಿಸಿದಳು. ಆಗ ಅಳಿಯನೇ ಮೀನು ಈಜುವ ಜೀವಂತ ಚಿತ್ರವೊಂದನ್ನು ಹುಡುಕಿ ಎರಡನೇ ಪರದೆಗೆ ಹಾಕಿದ್ದ. ನೀರಿನ ಗುಳ್ಳೆ, ಕದಲುವ ಪಾಚಿ, ಹೊಳೆಯುವ ಹುರುಪೆ, ಎಲ್ಲ ಇತ್ತು. ಮಾವನ ಮೇಲಿನ ಪ್ರೀತಿಗೆ ಹಾಕಿದ್ದು ಎಂದು ಎಲ್ಲರಿಗೂ ಹೇಳಿಕೊಂಡಿದ್ದ.

ಭಾನುವಾರ, ಇನ್ನೇನು ಮೆಟ್ಟಿಲ ಕೆಳಗಿನ ಚಪ್ಪಲಿಗಳನ್ನು ಎತ್ತಬೇಕು ಎನ್ನುವಾಗ, ಧೂಳು ಒರೆಸಲೆಂದು ಎರಡನೇ ಪರದೆಯ ತಂತಿ ಕಿತ್ತ. ಮುಳ್ಳು ದಡಕ್ಕನೆ ಕೆಳಗಿಳಿಯಿತು. ಫ್ಯಾನು ನಿಂತೇಹೋಯಿತು. ತಂತಿ ಸಿಕ್ಕಿಸಿದರೆ ಮೀನು ಬಂತು, ಮೀನಿನ ಹಿಂದೆ ಆರ್ಭಟವೂ ಬಂತು. ಕಾರ್ಡು ಸೋಮಾರಿಯಾಗಿರಲಿಲ್ಲ, ಪಾಪ. ಹಗಲೆಲ್ಲ ಒಂದೊಂದು ಗುಳ್ಳೆಯನ್ನೂ ಹುರುಪೆಯನ್ನೂ ಬಿಡಿಸುತ್ತ ಮಾವನ ಸೇವೆಯಲ್ಲಿತ್ತು. ಮೀನು ತಾನಾಗಿ ಈಜುತ್ತದೆ, ಅದಕ್ಕೆ ಕಾರ್ಡು ಯಾಕೆ ಬೇಕು ಎಂದುಕೊಂಡಿದ್ದವನು ಇವನೇ. ಮೀನಿನ ಚಿತ್ರ ಅಳಿಸಿ, ಖಾಲಿ ಕಪ್ಪು ಪರದೆ ಬಿಟ್ಟ.

ಸೋಮವಾರ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಹೆಂಡತಿ ಎರಡು ಸಲ ಬಂದು ಕಂಪ್ಯೂಟರು ಆನ್ ಆಗಿದೆಯೇ ಎಂದು ನೋಡಿ ಹೋದಳು. ಪರವಾಗಿಲ್ಲ, ಕೊನೆಗೂ ಒಂದು ಕೆಲಸ ಮಾಡಿದ್ರಿ ಎಂದಳು. ಮೂಲೆ ಉಳಿಯಿತು. ಅವತ್ತು ಕಾರ್ಖಾನೆಯಿಂದ ಯಾವ ಕೆಲಸವೂ ಬಂದಿರಲಿಲ್ಲ; ಪರದೆಯ ಮೇಲೆ ಹಳೆಯ ಕಪಾಟಿನ ನಕ್ಷೆಯೊಂದು ಸುಮ್ಮನೆ ತೆರೆದಿತ್ತು. ಅವನು ಕುರ್ಚಿಗೆ ಒರಗಿ, ಕಾಲು ಚಾಚಿ, ಕಿಟಕಿಯಾಚೆ ನೋಡುತ್ತ ಹಾಯಾಗಿದ್ದ.

ಊಟವಾದ ಮೇಲೆ ಮಾವ ಬಂದು ಕೂತರು. ಕಪ್ಪು ಪರದೆ ನೋಡಿದರು. ಮೀನೆಲ್ಲಿ ಎಂದರು. ಮೀನಿಂದಲೇ ಇಷ್ಟು ದಿನ ಸದ್ದು ಬರುತ್ತಿತ್ತು ಎಂದು ಅಳಿಯ ವಿವರಿಸಿದ. ಅವರು ತಲೆಯಾಡಿಸಿದರು. ಆಮೇಲೆ ಕುರ್ಚಿಯನ್ನು ಎತ್ತಿ, ಹಳೆಯ ದಿನಗಳಂತೆ, ಅವನ ಬೆನ್ನ ಹಿಂದೆ ಇಟ್ಟುಕೊಂಡರು.

ಮೀನು ಬರುವ ಮುಂಚೆ ಅವರ ಹೊತ್ತು ಹೋಗುತ್ತಿದ್ದದ್ದೇ ಹೀಗೆ. ಬದುಕಿಡೀ ಬೇರೆಯವರ ಕೈ ನಿಲ್ಲದಂತೆ ಕಣ್ಣಿಟ್ಟು ಕಾದವರು ಅವರು. ಆ ಕಣ್ಣು ತಪ್ಪಿಸಿಕೊಳ್ಳಲೆಂದೇ ಅಳಿಯನಿಗೆ ಮಾವನ ಮೇಲೆ ಪ್ರೀತಿ ಹುಟ್ಟಿದ್ದು.

"ಆ ಬಾಗಿಲು ಆಗ್ಲಿಂದ ಹಾಗೇ ಇದೆಯಲ್ಲ," ಎಂದರು ಮಾವ.

ಅವನು ನೆಟ್ಟಗೆ ಕೂತ. ನಕ್ಷೆಯಲ್ಲಿದ್ದ ಕಪಾಟಿನ ಬಾಗಿಲನ್ನು ಎಡಕ್ಕೆ ಸರಿಸಿದ. ಬಲಕ್ಕೆ ಸರಿಸಿದ. ಗೆರೆ ಎಳೆದ, ಅಳಿಸಿದ, ಮತ್ತೆ ಅಲ್ಲೇ ಎಳೆದ. ಕಂಪ್ಯೂಟರು ತಣ್ಣಗೆ ಸುಮ್ಮನಿತ್ತು. ಕೆಲಸವಿಲ್ಲದೆ ಪೂರ್ತಿ ವೇಗದಲ್ಲಿ ಓಡುತ್ತಿದ್ದವನು ಈಗ ಅವನೊಬ್ಬನೇ. ಸಂಜೆಯ ಹೊತ್ತಿಗೆ ಅಂಗಿ ಬೆನ್ನಿಗಂಟಿ, ಸಣ್ಣಗೆ ಏದುಸಿರೂ ಬರತೊಡಗಿತು.

ಹೆಂಡತಿ ಕೆಲಸ ಮುಗಿಸಿ ಎದ್ದಾಗ ಅವಳ ಹಿಂದೆಯೇ ಅಡುಗೆಮನೆಗೆ ಹೋದ. ಮೆಟ್ಟಿಲ ಕೆಳಗೆ ಯಾರಿಗೂ ಸದ್ದು ಕೇಳುವುದಿಲ್ಲ, ಅಲ್ಲಾದರೆ ಮೀನನ್ನೂ ಹಾಕಬಹುದು, ಮಾವನಿಗೂ ಬೇಜಾರು ತಪ್ಪುತ್ತದೆ ಎಂದು ಸುತ್ತಿಬಳಸಿ ವಿಷಯಕ್ಕೆ ಬಂದ.

"ಆ ಜಾಗ ಇನ್ನೂ ಖಾಲಿ ಇದೆಯಾ?"

"ಎಲ್ಲಿ ಖಾಲಿ? ಬೆಳಿಗ್ಗೆನೇ ಹಳೇ ಬೀರು ಅಲ್ಲಿಗೆ ತಳ್ಳಿಸಿದೆ," ಎಂದಳು. "ಇಲ್ಲೇ ಇರ್ತೀನಿ ಅಂತ ಹಟ ಹಿಡಿದೋರು ನೀವೇ ತಾನೆ?"

ಅವನು ಬಾಗಿಲಿಗೆ ಆತು ನಿಂತ. ನಡುಮನೆ ಈಗ ನಿಶ್ಶಬ್ದವಾಗಿತ್ತು. ಅಲ್ಲಿಂದ ಮಾವ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಅಳಿಯಂದ್ರೇ, ಇಲ್ಲಿ ಕೆಲಸ ನಿಂತಿದೆ."