ಹಾರುವ ಟೋಪಿಗೆ ಗಟ್ಟಿ ಗುಂಡಿ

ಇಷ್ಟೆಲ್ಲ ರಂಪಕ್ಕೆ ಕಾರಣ ಹೆಬ್ಬೆರಳಿನ ಉಗುರಿನಷ್ಟಿದ್ದ ಒಂದು ಟಿಚ್ ಬಟನ್. ಕೂಸಿನ ಅಂಗಿಗೆ ಹಾಕುತ್ತಾರಲ್ಲ, ಒತ್ತಿದರೆ ಕೂರುವ, ಎಳೆದರೆ ಕಳಚುವ ಗುಂಡಿ, ಅದೇ ಜಾತಿಯದು. ಅಂಥ ಗುಂಡಿಗಳನ್ನು ಓಡುವ ಕಾರಿನ ಟೋಪಿಗೆ ಹಾಕಿ ಕಳಿಸಿದ ಕಂಪನಿಯವನಿಗೆ ಗಾಳಿ ಎಂದರೆ ಫ್ಯಾನಿನಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ಇದ್ದಿರಬೇಕು.

ಕಾರು ನಟ್ಟಣ್ಣನದು. ಹೆತ್ತವರು ಇಟ್ಟ ಹೆಸರು ಬೇರೆ, ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಪಾರ್ಸಲ್ ಆಫೀಸಿನಲ್ಲಿ ಊರವರ ಪೆಟ್ಟಿಗೆಗಳಿಗೆ ಮುದ್ರೆ ಒತ್ತುವ ಈ ಪುಣ್ಯಾತ್ಮ ಒಂದು ದಿನ ತನ್ನ ಹೆಸರಿಗೇ ಪೆಟ್ಟಿಗೆಗಳನ್ನು ತರಿಸಿಕೊಂಡ. ಅವುಗಳೊಳಗೆ ಬಿಡಿಬಿಡಿಯಾಗಿ ಒಂದು ಕಾರಿತ್ತು, ಮನೆಯಲ್ಲೇ ಜೋಡಿಸಿಕೊಳ್ಳುವಂಥದ್ದು. ಅಲ್ಲಿಂದ ಮುಂದೆ ಅವನ ಜೇಬಿನಲ್ಲಿ ನಟ್ಟು, ತಟ್ಟೆಯ ಪಕ್ಕ ಬೋಲ್ಟು, ದಿಂಬಿನ ಕೆಳಗೆ ವಾಷರು. ವರ್ಷಗಟ್ಟಲೆ ಶೆಡ್ಡಿನಲ್ಲಿ ಒದ್ದಾಡಿ ಕೊನೆಗೂ ಹೆತ್ತ. ಇಬ್ಬರೇ ಕೂರಬಹುದಾದ, ಬಾಗಿಲಿಲ್ಲದ, ಹಳೆ ಚಪ್ಪಲಿಯ ಹಾಗೆ ನೆಲಕ್ಕಂಟಿದ ಗಾಡಿ. ಸ್ನಾನದ ತೊಟ್ಟಿಗೆ ಇಳಿದಂತೆ ಪಕ್ಕದಿಂದ ಕಾಲೆತ್ತಿ ಒಳಗಿಳಿಯಬೇಕು. ಮೇಲೊಂದು ಕ್ಯಾನ್ವಾಸಿನ ಹೊದಿಕೆ. ಬೇಕಾದಾಗ ಹಾಕಬಹುದು, ಬೇಡವಾದಾಗ ತೆಗೆಯಬಹುದು. ಬೀದಿಯವರು ಅದಕ್ಕೆ ಟೋಪಿ ಎನ್ನುತ್ತಿದ್ದರು.

ಗಾಡಿ ಕಟ್ಟುವಾಗ ನಟ್ಟಣ್ಣನ ಕಣ್ಣ ಮುಂದೆ ಇದ್ದದ್ದು ಒಂದೇ ಚಿತ್ರ. ಸ್ಟೀರಿಂಗ್ ಹಿಡಿದು ತಾನು, ಪಕ್ಕದಲ್ಲಿ ಹೆಂಡತಿ. ಆದರೆ ಆ ಪುಣ್ಯಾತಗಿತ್ತಿ ಒಂದು ಸಲವೂ ಅದರಲ್ಲಿ ಕೂತಿರಲಿಲ್ಲ. ಅವಳು ಶಾಲೆಯ ವ್ಯಾನು ಓಡಿಸುವವಳು. ಮಕ್ಕಳ ಕಿರುಚಾಟದ ನಡುವೆ ವಾರವೆಲ್ಲ ಗೇರು ಬದಲಿಸಿ ಬಂದವಳನ್ನು "ಬಾರೇ, ಒಂದು ರೌಂಡು ಹೋಗಿ ಬರೋಣ" ಎಂದರೆ "ಟೋಪಿ ಹಾಕ್ಕೊಂಡು ನೀವೇ ಹೋಗಿ ಬನ್ನಿ" ಎಂದು ಒಳಗೆ ಹೋಗುತ್ತಿದ್ದಳು. ಟೋಪಿ ಹಾರಿಹೋಗುತ್ತದೆಂದು ಅವಳಿಗೆ ಭಯ, ನಾಚಿಕೆ ಎಂದು ನಟ್ಟಣ್ಣ ತಾನೇ ತೀರ್ಮಾನಿಸಿಕೊಂಡಿದ್ದ. ಗಂಡಸರು ಹೀಗೇ. ಕೇಳಿ ತಿಳಿಯುವ ಬದಲು ತೀರ್ಮಾನ ಮಾಡಿ ಮುಗಿಸುತ್ತಾರೆ.

ಆ ಭಾನುವಾರ ಬೆಳಿಗ್ಗೆ ಅವಳೇ ಬಾಯಿಬಿಟ್ಟಳು. "ರೀ, ಸಂಜೆ ಅಕ್ಕನ ಮನೆಗೆ ನಿಮ್ಮ ಗಾಡೀಲೇ ಹೋಗೋಣ. ಆದ್ರೆ ಒಂದು ಮಾತು. ಇವತ್ತೂ ಅದು ನನ್ನ ಮನಸ್ಸಿಗೆ ಬರ್ಲಿಲ್ಲ ಅಂದ್ರೆ ನಾಳೆ ಗುಜರಿಯವನ್ನ ಕರೀತೀನಿ. ಶೆಡ್ಡು ನಂಗೆ ಬೇಕು."

ನಟ್ಟಣ್ಣನ ಎದೆ ಒಮ್ಮೆ ಹಾರಿ ಒಮ್ಮೆ ಬಿತ್ತು. ತಕ್ಷಣ ಗಾಡಿ ತೆಗೆದು ಪರೀಕ್ಷೆಗೆ ಹೊರಟ. ಬೀದಿಯ ತಿರುವಿನಲ್ಲಿ ಸ್ವಲ್ಪ ವೇಗ ಕೊಟ್ಟನೋ ಇಲ್ಲವೋ, ಗಾಳಿ ಒಳನುಗ್ಗಿ ಟೋಪಿಯನ್ನು ಉಬ್ಬಿಸಿತು. ಪಟಪಟಪಟ ಎಂದು ಗುಂಡಿಗಳು ಹುರಿಗಡಲೆಯಂತೆ ಸಿಡಿದವು. ಟೋಪಿ ಮೇಲೆದ್ದು ಅರೆಗಳಿಗೆ ಯೋಚಿಸಿ, ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಲಾರಿ ಮಾವನ ಮೇಲೆ ಪೂರ್ತಿಯಾಗಿ ಕವಿದುಕೊಂಡಿತು.

"ಕರೆಂಟ್ ಹೋಯ್ತಲ್ಲೋ!" ಎಂದು ಒಳಗಿನಿಂದ ಮಾವ ಕೂಗಿದರು.

ಲಾರಿ ಮಾವ ಎಂದರೆ ಆಯುಸ್ಸೆಲ್ಲ ಲಾರಿ ಓಡಿಸಿ ಈಗ ಜಗಲಿ ಓಡಿಸುವವರು. ಅವರ ಕೂಗಿಗೆ ಎದುರುಮನೆಯ ಟೈಲರ್ ಬಂದ, ಪಕ್ಕದ ಮನೆಯ ಬಡಗಿ ಬಂದ. ಈ ಬೀದಿಯಲ್ಲಿ ಯಾರ ಮನೆಗಾದರೂ ಬೆಂಕಿ ಬಿದ್ದರೆ ನೀರು ತರುವವನು ಒಬ್ಬ, ಬೆಂಕಿಯನ್ನು ಸರಿಯಾಗಿ ಹೇಗೆ ಹಚ್ಚಬೇಕಿತ್ತು ಎಂದು ಹೇಳಲು ಹತ್ತು ಜನ.

"ನೋಡಿ, ತಪ್ಪು ಗುಂಡೀದು," ನಟ್ಟಣ್ಣ ವಿವರಿಸಿದ. "ಗಾಳಿ ಮೇಲಕ್ಕೆ ಎಳೆಯತ್ತೆ, ಈ ಗುಂಡಿ ಮೇಲಕ್ಕೆಳೆದ್ರೇನೇ ಬಿಚ್ಚೋದು. ನಂಗೆ ಬೇಕಾದ್ದು ತಿರುಗಿಸಿ ಕೂರಿಸೋ ಗುಂಡಿ. ಎಷ್ಟೆಳೆದ್ರೂ ಬರಲ್ಲ, ಬೆರಳಲ್ಲಿ ತಿರುಗಿಸಿದ್ರೆ ತಾನೇ ಬರತ್ತೆ. ಪೇಟೇಲಿ ಒಂದು ಅಂಗಡೀಲಿ..."

"ಇವತ್ತು ಭಾನುವಾರ, ಅಂಗಡಿ ಬಾಗಿಲು ಹಾಕಿರತ್ತೆ," ಎಂದ ಟೈಲರ್, ಅಂಗಡಿ ತನ್ನದೇ ಎಂಬಂತೆ. "ಅಣ್ಣಾ, ಗುಂಡಿ ವಿಷಯ ನನ್ನ ಹತ್ರ ಮಾತಾಡಬೇಡ. ಸಾವಿರ ಹೊಟ್ಟೆ ನೋಡಿದೀನಿ. ಯಾವ ಗುಂಡಿ ಎಲ್ಲಿ ಕೈಕೊಡತ್ತೆ ಅಂತ ನಂಗೊತ್ತು. ಅದೇ ಟಿಚ್ ಬಟನ್ ಹಾಕೋಣ, ಮೇಲಿಂದ ಮೇಣದ ದಾರದಲ್ಲಿ ಹೊಲಿದುಬಿಡ್ತೀನಿ."

"ಹೊಲಿದ್ರೆ ಬಿಚ್ಚೋದು ಹೇಗೆ?"

"ಬಿಚ್ಚಬಾರದು ಅಂತ ತಾನೇ ಹೊಲಿಯೋದು?"

ಬಡಗಿ ನಕ್ಕ. "ದಾರವಂತೆ! ಇದೇನು ಲಂಗಾನಾ? ಚಿಲಕ ಜಡೀರಿ ಸ್ವಾಮಿ. ನಾನು ಜಡಿದ ಚಿಲಕ ಮುರಿಯೋಕಾಗದೆ ಕಳ್ಳನೇ ಬಾಗಿಲು ತಟ್ಟಿದಾನೆ."

ಲಾರಿ ಮಾವ ಪೇಪರ್ ಮಡಿಸಿದರು. ಮಾವ ಪೇಪರ್ ಮಡಿಸಿದರೆಂದರೆ ಮಾತು ಮುಗಿಯಿತು. "ಬೆಟ್ಟದ ದಾರೀಲಿ ಟಾರ್ಪಾಲು ಕಟ್ಟಿದೋನು ನಾನು. ಇಪ್ಪತ್ತು ಟನ್ ಮೂಟೆ ಮೇಲೆ ಒಂದು ಎಳೆ ಅಲ್ಲಾಡಿಲ್ಲ. ಹಗ್ಗ ತನ್ರೋ."

ಯಾವುದನ್ನು ಆರಿಸುವುದು? ಒಬ್ಬರನ್ನು ಒಪ್ಪಿದರೆ ಇಬ್ಬರಿಗೆ ಮುನಿಸು. ನಟ್ಟಣ್ಣ ಜನ್ಮದಲ್ಲಿ ಯಾರಿಗೂ ಇಲ್ಲ ಎಂದವನಲ್ಲ. ಹಾಗಾಗಿ ಮೂರೂ ಶುರುವಾದವು.

"ಬಟ್ಟೆ ಜೋತುಬೀಳ್ತಿದೆ. ನೀನು ಒಳಗೆ ಕೂತ್ಕೊಂಡು ತಲೇಲಿ ಎತ್ತಿಹಿಡಿ," ಎಂದ ಟೈಲರ್. ನಟ್ಟಣ್ಣ ಒಳಗಿಳಿದು ಡೇರೆಯ ಗೂಟದಂತೆ ಕೂತ. ಹೊರಗೆ ಸೂಜಿ ಓಡಿತು. ಬಡಗಿ ಸುತ್ತಲೂ ಚಿಲಕ ಜಡಿದು, ಅದು ಅದುರಿ ತೆರೆದುಕೊಳ್ಳಬಾರದೆಂದು ಸರಳಿನ ತುದಿಯನ್ನೇ ಸುತ್ತಿಗೆಯಿಂದ ಬಗ್ಗಿಸಿದ. ನಟ್ಟಣ್ಣನ ಹೊಚ್ಚಹೊಸ ಬಣ್ಣಕ್ಕೆ ಬಿದ್ದ ಒಂದೊಂದು ಏಟೂ ಅವನ ಹಲ್ಲಿಗೇ ಬಿದ್ದಂತಾಗುತ್ತಿತ್ತು. ಕೊನೆಗೆ ಲಾರಿ ಮಾವ ಗಾಡಿಯ ಹೊಟ್ಟೆಯಡಿಯಿಂದ ಹಗ್ಗ ತೂರಿಸಿ, ಕಾಲು ಒತ್ತಿ, ಉಸಿರು ಬಿಗಿಹಿಡಿದು ಎಳೆದರು.

"ಮಾವಾ, ಕತ್ತು..." ಒಳಗಿನಿಂದ ಕ್ಷೀಣ ದನಿ ಬಂತು.

"ಸ್ವಲ್ಪ ಬಗ್ಗಿಸ್ಕೊಳ್ಳಪ್ಪ. ಮೂಟೆ ಯಾವತ್ತಾದ್ರೂ ಮಾತಾಡತ್ತಾ?"

ಮೂವರೂ ಸೇರಿ ಟೋಪಿಯನ್ನು ಮೇಲಕ್ಕೆಳೆದರು. ಟೋಪಿ ಜಪ್ಪಯ್ಯ ಎನ್ನಲಿಲ್ಲ. ಗಾಡಿಯ ಹಿಂದಿನ ಚಕ್ರಗಳೇ ನೆಲ ಬಿಟ್ಟು ಎದ್ದವು. "ಭೇಷ್!" ಎಂದರು ಮಾವ. ಒಳಗೆ ಕುತ್ತಿಗೆ ಸೊಟ್ಟಗೆ ಮಾಡಿಕೊಂಡು ಕೂತಿದ್ದ ನಟ್ಟಣ್ಣನೂ ನಕ್ಕ. ಇನ್ನು ಅವಳು ಕೂರುತ್ತಾಳೆ. ಗಾಡಿ ಉಳಿಯಿತು.

ಅಷ್ಟರಲ್ಲಿ ಸಂಜೆಯಾಗಿ ಅವಳು ಬಂದಳು. ತಲೆಗೆ ಹೂವಿನ ಚಿತ್ತಾರದ ಸ್ಕಾರ್ಫ್ ಕಟ್ಟಿ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿದ್ದಳು. ಬೀದಿಯೇ ಅವಳನ್ನು ಹೊಸದಾಗಿ ನೋಡಿತು. ಅವಳು ಮಾತ್ರ ಗಾಡಿಯನ್ನೇ ನೋಡಿದಳು. ಹೊಲಿಗೆ, ಚಿಲಕ, ಹಗ್ಗ.

"ಇದೇನಿದು? ಟೋಪಿ ತೆಗೀರಿ."

"ತೆಗೆಯೋದಾ?" ಮೂವರೂ ಒಟ್ಟಿಗೆ ಬಾಯಿಬಿಟ್ಟರು. "ಹಾರಬಾರದು ಅಂತಾನೇ ತಾನೇ ಬೆಳಿಗ್ಗೆಯಿಂದ..."

"ಹಾರ್ಲಿ ಅಂತಾನೇ ನಾನು ಕಾಯ್ತಿದ್ದಿದ್ದು! ವಾರವೆಲ್ಲ ಮುಚ್ಚಿದ ಡಬ್ಬೀಲಿ ಕೂತು ಬೇಯ್ತೀನಿ. ಭಾನುವಾರಾನೂ ಮುಚ್ಚಿದ ಗಾಡೀಲಿ ಹೋಗೋದಾದ್ರೆ ನನ್ನ ವ್ಯಾನೇ ಇಲ್ವಾ? ಮುಖಕ್ಕೆ ಗಾಳಿ ಬಡೀಬೇಕು ಅಂತ ನಂಗೆ ಎಷ್ಟು ದಿನದ ಆಸೆ! ಎಲ್ಲಿ ನಮ್ಮನೆಯವ್ರು?"

"ಇಲ್ಲಿದೀನಿ ಕಣೇ," ಎಂದಿತು ಟೋಪಿ.

ಟೈಲರ್ ತಲೆ ಕೆರೆದ. ಚಿಲಕ ತೆಗೆಯದೆ ದಾರ ಸಿಗದು. ಬಡಗಿ ಹಗ್ಗ ಬಿಚ್ಚದೆ ಚಿಲಕ ಮುಟ್ಟಲಾರ. ಎಲ್ಲರೂ ಲಾರಿ ಮಾವನ ಕಡೆ ತಿರುಗಿದರು.

"ಈ ಗಂಟು ಬಿಚ್ಚೋದಲ್ಲಮ್ಮ," ಎಂದರು ಮಾವ, ಮೊದಲ ಬಾರಿಗೆ ದನಿ ಇಳಿಸಿ. "ಕೊಯ್ಯೋದು."

"ಅಣ್ಣಾ, ಕತ್ತರಿ ಕೊಡಿ," ಎಂದಳು ಟೈಲರಿಗೆ. "ರೀ, ತಲೆ ಬಗ್ಗಿಸಿ."

ಹಗ್ಗವನ್ನು ಮೊದಲು ಕತ್ತರಿಸಿದಳು. ಆಮೇಲೆ ಮುಂಗಾಜಿನಿಂದ ಹಿಂದಿನ ತನಕ ಕ್ಯಾನ್ವಾಸಿನ ನಟ್ಟನಡುವೆ ಕತ್ತರಿ ಓಡಿತು. ಟೋಪಿ ಎರಡು ಹೋಳಾಗಿ ಅತ್ತ ಇತ್ತ ಬಿತ್ತು. ನಡುವೆ ಬೆವರಿನಲ್ಲಿ ತೊಯ್ದ ನಟ್ಟಣ್ಣ ಈಗ ತಾನೇ ಮೊಟ್ಟೆಯೊಡೆದು ಬಂದ ಮರಿಯಂತೆ ಕಣ್ಣು ಪಿಳುಕಿಸಿದ.

"ಆ ಕಡೆ ಸರೀರಿ."

"ಅಲ್ಲ ಕಣೇ, ಓಡಿಸೋದು ನಾನು..."

"ಮನೇಲಿ ಡ್ರೈವರ್ ಯಾರು?"

ಅವನು ಸರಿದ. ಅವಳು ಕಾಲೆತ್ತಿ ಒಳಗಿಳಿದಳು, ಕೀಲಿ ತಿರುಗಿಸಿದಳು. ಗಾಡಿ ಬಾಣದಂತೆ ಹೊರಟಿತು. ಒಡನೆಯೇ ಟೋಪಿಯ ಎರಡೂ ಹೋಳುಗಳು ರಣಹದ್ದಿನ ರೆಕ್ಕೆಗಳಂತೆ ಎದ್ದು ಇಬ್ಬರ ಮುಖಕ್ಕೂ ರಪರಪ ಬಡಿಯತೊಡಗಿದವು. ಅಂಚಿನ ಹೊಲಿಗೆ, ಚಿಲಕ ಎರಡೂ ಅಷ್ಟು ಭದ್ರ, ಕಿತ್ತೆಸೆಯುವ ಹಾಗೂ ಇಲ್ಲ. ನಟ್ಟಣ್ಣ ಎಡಗೈಯಲ್ಲಿ ಒಂದು ಹೋಳನ್ನು, ಬಲಗೈಯನ್ನು ಹೆಂಡತಿಯ ತಲೆಯ ಹಿಂದಿನಿಂದ ಚಾಚಿ ಇನ್ನೊಂದನ್ನು ಹಿಡಿದು, ಹೊಲದ ಬೆದರುಗೊಂಬೆಯಂತೆ ಕೂತ. ಗಾಳಿ ಎಷ್ಟು ಎಳೆದರೂ ಬಿಡಲಿಲ್ಲ.

ಅವಳು ನಗುತ್ತಿದ್ದಳು. ಸ್ಕಾರ್ಫಿನ ತುದಿ ಅವನ ಕೆನ್ನೆಗೆ ತಾಗುತ್ತಿತ್ತು. ಇಷ್ಟು ನಕ್ಕಿದ್ದನ್ನು ಅವನು ನೋಡಿಯೇ ಎಷ್ಟೋ ಕಾಲವಾಗಿತ್ತು.

"ಗುಜರಿ ಬೇಡ ಬಿಡಿ," ಗಾಳಿಯ ಮೇಲೆ ಕೂಗಿ ಹೇಳಿದಳು. "ಇನ್ಮೇಲೆ ಪ್ರತಿ ಭಾನುವಾರ ಹೀಗೇ ಹೋಗೋಣ!"

"ನಾಳೆನೇ ಹೊಸ ಟೋಪಿ ಹೊಲಿಸ್ತೀನಿ ಕಣೇ! ತಿರುಗಿಸೋ ಗುಂಡಿ ತರ್ತೀನಿ! ಬೇಕಾದಾಗ ಬಿಚ್ಚಬಹುದು!"

"ಗುಂಡಿಗೆಲ್ಲ ಯಾಕ್ರೀ ದುಡ್ಡು ದಂಡ? ನೀವಿದ್ದೀರಲ್ಲ!"

ಅವಳು ಗೇರು ಏರಿಸಿದಳು. ಸರಿಯಾಗಿ ಅದೇ ಹೊತ್ತಿಗೆ ನಟ್ಟಣ್ಣನ ಮೂಗಿನ ತುದಿ ತುರಿಸಲು ಶುರುವಾಯಿತು.