ದರ್ಜಿರಾಯರ ಗರ್ಜನೆ

ಮದುವೆಯಾದ ದಿನದ ನೆನಪಿಗೆಂದು ಹೆಂಡತಿ ಚಿನ್ನ ಕೇಳಿದ್ದರೆ ದರ್ಜಿರಾಯರು ಹೇಗೋ ನುಣುಚಿಕೊಳ್ಳುತ್ತಿದ್ದರು. ಆಕೆ ಕೇಳಿದ್ದು ಹಾಡು!

"ಆಗ ಹಾಡ್ತಿದ್ರಲ್ಲ ರೀ, ನೀವೇ ಕಟ್ಟಿದ್ದು. ಸಂಜೆ ನನ್ನ ತಂಗೀರೆಲ್ಲ ಬರ್ತಾರೆ. ಅವರೆದುರಿಗೆ ಒಂದ್ಸಲ ಹಾಡ್ಬಿಡಿ, ಸಾಕು."

'ಆಗ' ಎಂದರೆ, ರಾಯರ ತಲೆಗೂದಲು ಬಾಚಣಿಗೆಯ ಹಲ್ಲು ಮುರಿಯುತ್ತಿದ್ದ ಕಾಲ. ಎದುರುಮನೆಯ ಕಿಟಕಿಯಲ್ಲಿ ಆಕೆ. ಅಂಗಡಿಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತ ಇವರು. 'ನಿನ್ನ ನೆರಳಾಗಿ ಬರುವೆ, ಮುಗಿಲಾಚೆಗೂ ಬರುವೆ' ಎಂದು ಹಾಡಿದರೆ ಬೀದಿನಾಯಿಗಳೂ ಬೊಗಳುವುದನ್ನು ಮುಂದೂಡುತ್ತಿದ್ದವು (ಇದು ರಾಯರ ಹೇಳಿಕೆ, ನಾಯಿಗಳನ್ನು ಯಾರೂ ವಿಚಾರಿಸಿಲ್ಲ). 'ಮುಗಿಲಾಚೆ' ಎಂಬಲ್ಲಿ ದನಿಯೂ ಮುಗಿಲಾಚೆ ಹಾರಬೇಕು. ಈಗ ಅದು ಸೂರಿನವರೆಗೂ ಏರದು. ಹೆಂಡತಿಗೆ ಇದು ಗೊತ್ತಾದರೆ, ಆಕೆ ಮೆಚ್ಚಿ ಕೈಹಿಡಿದ ಗಾಯಕ ಸತ್ತಂತೆಯೇ!

ಆಗ ಹೊಳೆದದ್ದು ರ‍್ಯಾಪ್. ಪ್ಯಾಂಟ್ ಬಿಗಿ ಮಾಡಿಸಲು ಬರುವ ಹುಡುಗರ ಮೊಬೈಲಿನಲ್ಲಿ ಕೇಳಿದ್ದರು. ರಾಗದ ಕಾಟವಿಲ್ಲ, ತಾಳಕ್ಕೆ ಸರಿಯಾಗಿ ಬೈದರಾಯಿತು. ಹಳೆಯ ಪ್ರೇಮಗೀತೆಗೆ ಧೀರೋದಾತ್ತ ಎರಡನೇ ಭಾಗ!

ತೊಡಕು ಒಂದೇ. ಕಾಲು ಮೆಷಿನ್ ತುಳಿಯದೆ ರಾಯರ ಬಾಯಿ ತೆರೆಯದು. ಹಾಗಾಗಿ ಮೆಷಿನ್ ಅಂಗಡಿಯಿಂದ ಸಕಲ ಮರ್ಯಾದೆಯೊಂದಿಗೆ ನಡುಮನೆಯ ಕಿಟಕಿಯ ಪಕ್ಕಕ್ಕೆ ಆಗಮಿಸಿತು. ಬಟ್ಟೆಯಿಲ್ಲದೆ ಬರಿದೇ ತುಳಿದರೆ ಮೆಷಿನ್ನಿನ ಹಲ್ಲು ಸವೆಯುತ್ತದಲ್ಲ. ಸಂಜೆ ನಾದಿನಿಯರೆಲ್ಲ ಬಂದು ಕೂತ ಮೇಲೆ, ಕಿಟಕಿಯ ಪರದೆಯ ಅಂಚನ್ನೇ ಸೂಜಿಯಡಿ ಕೊಟ್ಟು, ಕಣ್ಣು ಮುಚ್ಚಿ ಗರ್ಜಿಸಿದರು:

"ಅಂದು ಅಂದೆ, ನೆರಳಾಗುವೆ!
ಇಂದು ಕೇಳು, ಬಿಸಿಲಾಗುವೆ!
ಕಟ್ಟು ಕಿತ್ತೆ, ಬಾಗಿಲು ಒದ್ದೆ,
ಸಿಂಹ ಬಂತು, ಸರಿ ಸರಿ!"

ಒಬ್ಬ ನಾದಿನಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಯಾಕೆ ಭಾವ, ಬೆಳಿಗ್ಗೆಯಿಂದ ಕಾಫಿ ಸಿಕ್ಕಿಲ್ವಾ?"

ಸಿಂಹ ಚಪ್ಪಾಳೆ ಸ್ವೀಕರಿಸಲೆಂದು ಎದ್ದಿತು. ಅರ್ಧಕ್ಕೇ ನಿಂತಿತು. ಅಂಗಿಯ ತೋಳು ಪರದೆಗೆ ಹೊಲಿದುಹೋಗಿತ್ತು; ಗಿರಾಕಿಗಳಿಗೂ ರಾಯರು ಅಷ್ಟು ಭದ್ರವಾಗಿ ಹೊಲಿದುಕೊಟ್ಟವರಲ್ಲ. ಜಗ್ಗಿದರು. ಪರದೆ, ಕೋಲಿನ ಸಮೇತ, ಸಿಂಹದ ತಲೆಯ ಮೇಲೆ ಬಿತ್ತು.

ಹೆಂಡತಿ ಕತ್ತರಿ ತಂದು ಪಕ್ಕದಲ್ಲಿ ಕೂತು, ಒಂದೊಂದೇ ಹೊಲಿಗೆ ಬಿಚ್ಚುತ್ತ, ಮೆಲ್ಲಗೆ ಹಳೆಯ ಹಾಡು ಗುನುಗತೊಡಗಿದಳು. ಅದೇ ಬೀದಿ, ಅದೇ ಕಿಟಕಿ ರಾಯರ ಕಣ್ಣಮುಂದೆ ಬಂದವು. 'ಮುಗಿಲಾಚೆ' ಬರುವಷ್ಟರಲ್ಲಿ ಆಕೆ ನಿಲ್ಲಿಸಿ ಅವರತ್ತ ನೋಡಿದಳು.

"ಅಲ್ಲಿ ಈಗ ಏರಲ್ಲ ಕಣೇ," ಎಂದರು ರಾಯರು. "ದನಿ ಹೋಯ್ತು."

"ಆಗ್ಲೂ ಏರ್ತಿರ್ಲಿಲ್ವಲ್ಲ ರೀ! ಅಲ್ಲಿಗೆ ಬಂದ ಕೂಡ್ಲೇ ಮೆಷಿನ್ ಜೋರಾಗಿ ತುಳಿದು ಮುಚ್ಚಿಹಾಕ್ತಿದ್ರಿ. ಇಡೀ ಬೀದಿಗೇ ಗೊತ್ತಿತ್ತು."

"ಮತ್ತೆ ದಿನಾ ಕಿಟಕೀಲಿ ಯಾಕೆ ನಿಂತಿರ್ತಿದ್ದೆ?"

"ಇವತ್ತಾದ್ರೂ ಏರುತ್ತೇನೋ ಅಂತ. ಕಾದೂ ಕಾದೂ ಅದೇ ಅಭ್ಯಾಸ ಆಗೋಯ್ತು. ಹೂಂ, ತುಳೀರಿ."

ರಾಯರು ತುಳಿದರು, ಹಾಡಿದರು. 'ಮುಗಿಲಾಚೆ' ಬಂದಾಗ ನಡುಮನೆಯಲ್ಲಿ ಕೇಳಿದ್ದು ಮೆಷಿನ್ ಒಂದೇ. ಚಪ್ಪಾಳೆಯೂ ಅದಕ್ಕೇ ಬಿತ್ತು.