ಮಾತ್ರೆ ಕಿತ್ತುಕೊಳ್ಳುವವನ ಕ್ಲಿನಿಕ್ಕು

ಫಾರ್ಮಸಿಸ್ಟಿಗೆ ಒಂದು ಕೋಣೆ, ಬಾಗಿಲಿಗೊಂದು ಬೋರ್ಡು ಕೊಟ್ಟರೆ ವಾರಕ್ಕೊಂದು ಫಜೀತಿ ಆಗಿಯೇ ಆಗುತ್ತದೆ. ಫ್ಯಾಕ್ಸ್ ಯಂತ್ರ ಇನ್ನೂ ಉಸಿರಾಡುತ್ತಿದ್ದ ಕಾಲದಲ್ಲಿ ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನನಗೆ ಎರಡನ್ನೂ ಕೊಟ್ಟರು. ಡಿಸ್ಚಾರ್ಜ್ ಆಗಿ ಮನೆಗೆ ಹೋದವರು ನನ್ನ ಬಳಿ ಬರಬೇಕು. ಯಾವ ಮಾತ್ರೆ ಇರಲಿ, ಯಾವುದು ಬೇಡ ಎಂದು ನೋಡಿ ನಾನು ಅವರ ಫ್ಯಾಮಿಲಿ ಡಾಕ್ಟರಿಗೆ ತಿಳಿಸಬೇಕು. ಆರು ತಿಂಗಳ ಪ್ರಯೋಗ. ಕೊನೆಗೆ ಮ್ಯಾನೇಜರಮ್ಮ ಒಂದು ದಿನ ಬಂದು ಕೂತು ನೋಡುತ್ತಾರೆ. ಹಿಡಿಸದಿದ್ದರೆ ಕ್ಲಿನಿಕ್ಕಿಗೆ ಬೀಗ, ನಾನು ವಾಪಸು ನೆಲಮಾಳಿಗೆಯ ಔಷಧ ಉಗ್ರಾಣಕ್ಕೆ. ಅಲ್ಲಿ ಕಿಟಕಿಯೂ ಇರಲಿಲ್ಲ. ಹಾಗಾಗಿ ಬಹಳ ಶ್ರದ್ಧೆಯಿಂದ ಕೆಲಸ ಮಾಡಿದೆ.

೧. ನಿಜವಾದ ಡಾಕ್ಟರು

ಮೊದಲ ದಿನ ಊರಿನದೇ ಬಡಾವಣೆ ಒನೆಹುಂಗಾದಿಂದ ನ್ಯೂಜಿಲೆಂಡಿನವರೇ ಆದ ಒಬ್ಬ ಅಜ್ಜ ಬಂದರು. ಮುಕ್ಕಾಲು ಗಂಟೆ ಕೂರಿಸಿಕೊಂಡು ಒಂದೊಂದು ಮಾತ್ರೆಯ ಜಾತಕವನ್ನೂ ಬಿಡಿಸಿ ಹೇಳಿದೆ. ಅವರು ತಲೆದೂಗಿದಷ್ಟೂ ನನಗೆ ಹುರುಪು ಏರಿತು.

"ಬಹಳ ಚೆನ್ನಾಗಿ ಹೇಳಿದೆ. ಈಗ ಡಾಕ್ಟರನ್ನ ಕರಿ," ಅಂದರು.

"ಇಲ್ಲಿ ಡಾಕ್ಟರಿಲ್ಲ, ನಾನೇ ನೋಡೋದು."

ಅಜ್ಜ ಇನ್ನಷ್ಟು ಒರಗಿ ಕೂತರು. "ಪರವಾಗಿಲ್ಲ, ಅವರು ಬರೋ ತನಕ ಕಾಯ್ತೀನಿ."

೨. ಎರಡನೇ ಹಂತ

ಆಲ್ಬನಿ ಬಡಾವಣೆಯ ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರಿನವರು. ಬೀಪಿ ಏರಿ ಆಸ್ಪತ್ರೆ ಸೇರಿದ್ದವರು. ಲ್ಯಾಪ್‌ಟಾಪ್ ತೆರೆದು ತೋರಿಸಿದರು. ದಿನಕ್ಕೆ ಮೂರು ಹೊತ್ತಿನ ಬೀಪಿ, ತಿಂದ ಉಪ್ಪು, ನಿದ್ದೆ, ಹೆಂಡತಿಯೊಡನೆ ಆದ ಜಗಳ, ಎಲ್ಲಕ್ಕೂ ಒಂದೊಂದು ಬಣ್ಣ. ಬೀಪಿಯೊಂದು ಮಾತ್ರ ಇಳಿದಿರಲಿಲ್ಲ.

"ಮಾತ್ರೆಯ ಕಾಲಮ್ ಎಲ್ಲಿ ಸಾರ್?"

"ಮೊದಲು ಡೇಟಾ ಸಿಗ್ಲಿ ಅಂತಿದೀನಿ. ಮಾತ್ರೆ ನುಂಗೋದು ಫೇಸ್ ಟು."

೩. ನಿಲ್ಲಿಸಿ

ಒಬ್ಬ ಫ್ಯಾಮಿಲಿ ಡಾಕ್ಟರಿಗೆ ಮೂರು ಸಲ ಫ್ಯಾಕ್ಸ್ ಕಳಿಸಿದೆ: ರೋಗಿಗೆ ಈ ಮಾತ್ರೆ ನಿಲ್ಲಿಸಿ. ಕೊನೆಗೂ ಉತ್ತರ ಬಂತು: "ದಯವಿಟ್ಟು ಫ್ಯಾಕ್ಸ್ ಕಳಿಸುವುದನ್ನು ನಿಲ್ಲಿಸಿ, ನಮ್ಮಲ್ಲಿ ಕಾಗದ ಮುಗಿದಿದೆ."

೪. ಹನ್ನೊಂದು

ಆರನೇ ತಿಂಗಳು ಮ್ಯಾನೇಜರಮ್ಮ ಪ್ಯಾಡು, ಪೆನ್ನು ಹಿಡಿದು ಮೂಲೆಯಲ್ಲಿ ಕೂತರು. ಬಂದವರು ಸ್ಯಾಂಡ್ರಿಂಗಮ್ ಬಡಾವಣೆಯ ಮೈಸೂರು ಆಂಟಿ, ಜೊತೆಗೆ ಸೊಸೆ. ಆಂಟಿ ಮೊದಲು ಪದೇ ಪದೇ ತಲೆಸುತ್ತಿ ಬೀಳುತ್ತಿದ್ದರು. ಆಸ್ಪತ್ರೆ ಕೊಟ್ಟದ್ದು, ಫ್ಯಾಮಿಲಿ ಡಾಕ್ಟರು ಕೊಟ್ಟದ್ದು, ಮೈಸೂರಿಂದ ತಂಗಿ ಕಳಿಸಿದ್ದು ಎಂದು ಒಂದೇ ಬೀಪಿ ಮಾತ್ರೆಯನ್ನು ಮೂರು ಹೆಸರಲ್ಲಿ ನುಂಗುತ್ತಿದ್ದರು. ಇಂಥ ಹೆಚ್ಚುವರಿಗಳನ್ನೆಲ್ಲ ನಾನು ಹಿಂದಿನ ಭೇಟಿಯಲ್ಲಿ ಕಿತ್ತುಹಾಕಿದ ಮೇಲೆ ಒಮ್ಮೆಯೂ ಬಿದ್ದಿರಲಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಒಳಗೊಳಗೇ ಬೀಗಿದೆ.

"ಈ ಕ್ಲಿನಿಕ್ಕಿನಿಂದ ಉಪಯೋಗ ಆಯಿತೇ?" ಎಂದು ಮ್ಯಾನೇಜರಮ್ಮ ಕೇಳಿದ್ದನ್ನು ಸೊಸೆ ಕನ್ನಡದಲ್ಲಿ ಹೇಳಿದಳು.

"ಎಂಥಾ ಉಪಯೋಗ? ದಿನಕ್ಕೆ ಹನ್ನೊಂದು ಮಾತ್ರೆ ತಗೋತಿದ್ದೆ, ಇವನು ಐದಕ್ಕಿಳಿಸಿದಾನೆ. ನಮ್ಮೋನು ಅಂತ ನಂಬ್ಕೊಂಡು ಬಂದ್ರೆ ಇಷ್ಟು ಜಿಪುಣತನವಾ? ಭಜನೆ ಮುಗಿಸಿ ಎಲ್ರೂ ಮಾತ್ರೆ ಡಬ್ಬಿ ತೆಗೆದಾಗ ನಂಗೆ ನಾಚಿಕೆ ಆಗತ್ತೆ."

'ಆಂಟಿಗೆ ಬಹಳ ಸಂತೋಷವಂತೆ' ಎಂದು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸೊಸೆ ಒಂದಕ್ಷರ ಬಿಡದೆ ಅನುವಾದಿಸಿ ಮುಗಿಸಿದ್ದಳು. ಮದುವೆಯಾದ ಮೇಲೆ ಅತ್ತೆಯ ಮಾತಿಗೆ ಅವಳು ಅಷ್ಟು ಬೆಲೆ ಕೊಟ್ಟದ್ದು ಅವತ್ತೇ ಮೊದಲಿರಬೇಕು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಮ್ಯಾನೇಜರಮ್ಮ ಆಂಟಿಯ ಫೈಲು ತಿರುವಿ ನೋಡಿ ತಲೆ ಎತ್ತಿದರು. "ಹನ್ನೊಂದರಿಂದ ಐದಕ್ಕೇ? ಆಮೇಲೆ ಬಿದ್ದೇ ಇಲ್ಲವೇ?" ಎಂದು ಎರಡೆರಡು ಸಲ ಕೇಳಿ ಬರೆದುಕೊಂಡರು. ಎದ್ದು ಬಂದು ಆಂಟಿಯ ಕೈ ಕುಲುಕಿದರು. ನನ್ನ ಕಡೆ ತಿರುಗಿ ಕ್ಲಿನಿಕ್ಕು ಮುಂದುವರಿಯಲಿ ಅಂದರು. ಆಂಟಿಯ ಕಾಲಿಗೆ ಬೀಳುವಷ್ಟು ಖುಷಿಯಾಯಿತು ನನಗೆ.

ಇಂಗ್ಲಿಷ್ ಬಾರದ ಆಂಟಿ, ತಮ್ಮ ದೂರು ಚೆನ್ನಾಗಿ ನಾಟಿತು ಅಂದುಕೊಂಡರು. ಹೊರಡುವಾಗ ನನ್ನನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದರು:

"ಬೇಜಾರು ಮಾಡ್ಕೋಬೇಡಪ್ಪಾ, ಇದ್ದದ್ದು ಇದ್ದ ಹಾಗೆ ಹೇಳ್ಬಿಟ್ಟೆ. ಕೆಲಸ ಹೋಯ್ತು ಅಂತ ಹೆದರ್ಬೇಡ. ನಮ್ಮನೆ ಹತ್ರ ದಿನಸಿ ಅಂಗಡೀಲಿ ಪೊಟ್ಟಣ ಕಟ್ಟೋಕೆ ಜನ ಬೇಕಂತೆ, ನಾನೇ ಹೇಳ್ತೀನಿ. ಅಲ್ಲಾದ್ರೂ ಕೈ ಬಿಚ್ಚಿ ಹಾಕು."